ಗರಾಜಿನಲ್ಲಿ ಬಿಯರಿಗೆ ಮಡಿ

ಅಂದು ಬೆಳಿಗ್ಗೆ ನಾನು ಗ್ರೈಂಡರಿನ ಮುಂದೆ ನಿಂತು ಇಡ್ಲಿಗೆ ಉದ್ದಿನಬೇಳೆ ರುಬ್ಬುತ್ತಿದ್ದೆ. ಬೇಳೆ ಚೆನ್ನಾಗಿ ಒದಗಿ ಬೆಣ್ಣೆಯ ಹಾಗೆ ಉಬ್ಬಿ ಬರುತ್ತಿತ್ತು. ಪರದೇಶದಲ್ಲೂ ಇಂಥ ಬೇಳೆ ಸಿಕ್ಕಿತಲ್ಲ ಎಂದು ದೇವರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕುವಷ್ಟರಲ್ಲಿ ನಮ್ಮವರ ಫೋನು ಬಂತು.

"ರತ್ನಾ, ಗರಾಜ್ ಬಾಗಿಲು ತೆಗೆದಿಡು. ಬಾರ್ಲಿ ತರ್ತಾ ಇದೀನಿ. ಒಂದು ಮೂಟೆ."

"ಮೂಟೆನಾ? ಇಡೀ ಮೂಟೆ ಯಾಕ್ರೀ?"

"ಉಳಿತಾಯ ಕಣೇ, ಉಳಿತಾಯ! ಬಂದು ಹೇಳ್ತೀನಿ."

ನನ್ನ ಕಣ್ಣು ತುಂಬಿ ಬಂತು. ನಾಲ್ಕು ತಿಂಗಳ ಹಿಂದೆ ಆಫೀಸಿನವರು ಇವರನ್ನು ಒಂದೇ ಒಂದು ಇಮೇಲು ಕಳಿಸಿ ಮನೆಗೆ ಅಟ್ಟಿದ್ದರು. ಅಂದಿನಿಂದ ಇವರು ಉಪಯೋಗಕ್ಕೆ ಬರಬೇಕೆಂದು ಪಡದ ಪಾಡಿಲ್ಲ. ಮೊದಲ ತಿಂಗಳು ನನ್ನ ಮಸಾಲೆ ಡಬ್ಬಿಗಳನ್ನೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿದರು. ಸಾಸಿವೆ ಎಂದರೆ ಮಸ್ಟರ್ಡು, ಅಂದರೆ ಎಂ. ಒಗ್ಗರಣೆಯ ಎಣ್ಣೆ ಹೊಗೆಯಾಡುತ್ತಿರುವಾಗ ನಾನು ಎ, ಬಿ, ಸಿ, ಡಿ ಎಂದು ಬಾಯಿಪಾಠ ಒಪ್ಪಿಸುತ್ತಾ ಎಂ ಹುಡುಕುತ್ತಿದ್ದೆ! ಎರಡನೆಯ ತಿಂಗಳು ಮನೆಯ ಬಾಗಿಲುಗಳಿಗೆಲ್ಲ ಎಣ್ಣೆ ಬಿಟ್ಟರು. ಈಗ ಮಗಳು ಯಾವಾಗ ಬಂದಳು, ಯಾವಾಗ ಹೋದಳು ಎನ್ನುವುದೇ ತಿಳಿಯುವುದಿಲ್ಲ.

ಇಂಥವರಿಗೆ ಬಾರ್ಲಿ ಗಂಜಿಯ ಬುದ್ಧಿ ಬಂದಿತೇ! ಸಕ್ಕರೆ ಕಾಯಿಲೆ ಹೊಸಿಲಲ್ಲಿ ನಿಂತಿದೆ, ಅನ್ನ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದಾಗಿನಿಂದ ನಾನು ಬಾರ್ಲಿ ಬಾರ್ಲಿ ಎಂದು ಬಡಿದುಕೊಳ್ಳುತ್ತಿದ್ದೆ. ಕೊನೆಗೂ ದೇವರು ಅವರ ಕಿವಿ ತೆರೆಸಿದ.

ಬಾರ್ಲಿ ಬಂತು. ಜೊತೆಗೆ ಒಂದು ದೊಡ್ಡ ಬಿಳಿ ಬಕೆಟ್ಟು, ಗಟ್ಟಿ ಮುಚ್ಚಳ, ರಬ್ಬರು ಪೈಪು, ಇನ್ನೂ ಏನೇನೋ. ಇವರು ಎಲ್ಲವನ್ನೂ ಗರಾಜಿನಲ್ಲಿಟ್ಟು ಪಕ್ಕದ ಮನೆಯ ಗ್ಯಾರಿಯನ್ನು ಕಾಣಲು ಓಡಿದರು. ನಮ್ಮ ಕಡೆ ಹೊಸ ಧಾನ್ಯ ಮನೆಗೆ ಬಂದರೆ ಮೊದಲ ಹಿಡಿ ದೇವರಿಗೆ. ಹೊಸ ಸಾಮಾನು ಬಂದರೆ ಅರಿಶಿನ ಕುಂಕುಮ. ಕಾರಿಗೂ ಇಟ್ಟಿದ್ದೇನೆ, ಡಿಶ್‌ವಾಷರಿಗೂ ಇಟ್ಟಿದ್ದೇನೆ. ಎರಡು ಹಿಡಿ ಬಾರ್ಲಿಯನ್ನು ಬೆಳ್ಳಿ ಬಟ್ಟಲಲ್ಲಿ ಗಣಪತಿಯ ಮುಂದಿಟ್ಟು, ಬಕೆಟ್ಟಿಗೆ ಕುಂಕುಮ ಹಚ್ಚಿ, ಮೂಟೆಯ ಮೇಲೆ ಒಂದು ದಾಸವಾಳ ಇಟ್ಟು ಕೈಮುಗಿಯುತ್ತಿದ್ದೆ. ಹೈಸ್ಕೂಲಿನಿಂದ ಬಂದ ಮಗಳು ಮೇಘಾ ಗರಾಜಿನ ಬಾಗಿಲಲ್ಲಿ ನಿಂತು ನೋಡಿದಳು.

"ಅಮ್ಮಾ, ವಾಟ್ ಆರ್ ಯೂ ಡೂಯಿಂಗ್?"

"ಅಪ್ಪನ ಆರೋಗ್ಯಕ್ಕೆ ಕಣೇ. ಬಾರ್ಲಿ."

"ಅಮ್ಮಾ, ಇಟ್ಸ್ ಫಾರ್ ಬಿಯರ್. ಡ್ಯಾಡ್ ಈಸ್ ಮೇಕಿಂಗ್ ಬಿಯರ್."

ಕೈ ಮುಗಿದದ್ದು ಮುಗಿದ ಹಾಗೇ ಉಳಿಯಿತು!

ಮೊದಲೇ ಹೇಳಿಬಿಡುತ್ತೇನೆ, ನಮ್ಮವರು ಕುಡುಕರಲ್ಲ. ಶನಿವಾರ ಶನಿವಾರ ಎರಡು ಬಾಟಲಿ, ಅದೂ ಹಿತ್ತಲಿನಲ್ಲಿ, ಹಲ್ಲುಜ್ಜಿಕೊಂಡೇ ಒಳಗೆ ಬರುವುದು. ಇದನ್ನು ನಾನು ದೇವರ ಸಣ್ಣ ಕೃಪೆಗಳ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ. ಕೆಲಸ ಹೋದ ಮೇಲೆ ಅವರೇ ಅದನ್ನು ಬಿಟ್ಟಿದ್ದರು. ಈಗ ಗ್ಯಾರಿ ಹೇಳಿದನಂತೆ, ಮನೆಯಲ್ಲೇ ಮಾಡಿದರೆ ಅಂಗಡಿಯ ಕಾಲು ಭಾಗಕ್ಕೆ ಮುಗಿಯುತ್ತದೆ ಎಂದು. ಗ್ಯಾರಿ ನಿವೃತ್ತ ಪ್ಲಂಬರು, ಒಳ್ಳೆಯ ಮನುಷ್ಯ, ಇಪ್ಪತ್ತು ವರ್ಷದಿಂದ ಮನೆಯಲ್ಲೇ ಬಿಯರು ಮಾಡುವವನು. ಬಕೆಟ್ಟು ಅವನದೇ ಎರವಲು. ಎರವಲು ಬಕೆಟ್ಟಿಗೆ ಕುಂಕುಮ ಹಚ್ಚಿದ್ದೆನಲ್ಲ, ಒರೆಸಿದರೆ ಹೋಗಲಿಲ್ಲ. ಪ್ಲಾಸ್ಟಿಕ್ಕು ಕುಡಿದುಬಿಟ್ಟಿತ್ತು.

"ನಂಗೊಂದು ಮಾತು ಮೊದಲೇ ಹೇಳ್ಬಾರ್ದಾಗಿತ್ತಾ?" ಎಂದೆ.

"ಹೇಳಿದ್ರೆ ಬೇಡ ಅಂತಿದ್ದೆ."

"ಗಣಪತಿ ಮುಂದೆ ಇಟ್ಟುಬಿಟ್ಟಿದೀನಿ ಕಣ್ರೀ!"

"ಒಳ್ಳೇದಾಯ್ತು ಬಿಡು, ಅವನೂ ಒಪ್ಪಿದ ಹಾಗಾಯ್ತು."

ಒಪ್ಪಿದನೇ? ಇಟ್ಟದ್ದನ್ನು ವಾಪಸು ತೆಗೆಯುವ ಶಾಸ್ತ್ರ ಇದೆಯೇ? ಪುರೋಹಿತರಿಗೆ ಫೋನು ಮಾಡಿ ಕೇಳೋಣವೆಂದರೆ ಪ್ರಶ್ನೆಯನ್ನು ಎಲ್ಲಿಂದ ಶುರುಮಾಡುವುದೆಂದೇ ತಿಳಿಯಲಿಲ್ಲ. ಕೊನೆಗೆ ಆ ಎರಡು ಹಿಡಿಯನ್ನು ಹಿತ್ತಲಿನ ಹಕ್ಕಿಗಳಿಗೆ ಹಾಕಿದೆ.

ಶನಿವಾರ ಬಿಯರು ಕಾಯಿಸುವ ಮಹಾಕಾರ್ಯ. ಮದುವೆಯಾದ ಇಪ್ಪತ್ತಾರು ವರ್ಷಗಳಿಂದ ನನ್ನ ಮಡಿಯನ್ನು ನೋಡಿ ನಗುತ್ತಾ ಬಂದವರು ಇವರು. ಅಂಥ ಮನುಷ್ಯ ತಲೆಗೆ ಟವೆಲು ಸುತ್ತಿಕೊಂಡು, ಮೊಣಕೈವರೆಗೆ ಮೂರು ಸಲ ಕೈ ತೊಳೆದು, ಪಾತ್ರೆ, ಸೌಟು, ಪೈಪು ಎಲ್ಲವನ್ನೂ ಯಾವುದೋ ನೊರೆನೀರಿನಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದರು.

"ಮುಟ್ಟಬೇಡ!"

"ಏನನ್ನ?"

"ಏನನ್ನೂ! ಎಲ್ಲಾ ಸ್ಯಾನಿಟೈಸ್ ಆಗಿದೆ. ಒಂದು ಕ್ರಿಮಿ ಬಿದ್ರೂ ಅಷ್ಟೂ ಹಾಳು."

"ನಾನು ತಲೆಗೆ ಸ್ನಾನ ಮಾಡಿದೀನ್ರೀ."

"ಸ್ನಾನ ಸಾಲಲ್ಲ."

ಸ್ನಾನ ಸಾಲದಂತೆ! ಮೂರು ಸಲ ಮಿಂದು ಒಲೆ ಮುಟ್ಟುತ್ತಿದ್ದ ನನ್ನ ಅತ್ತೆಯವರೂ ನನಗೆ ಈ ಮಾತು ಹೇಳಿರಲಿಲ್ಲ.

ಬಾರ್ಲಿ ಎಂದರೆ ಅದು ಅಂಗಡಿಯಲ್ಲೇ ಮೊಳಕೆ ಬರಿಸಿ, ಒಣಗಿಸಿ, ತರಿತರಿ ಒಡೆದದ್ದು. ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಆ ಕಷಾಯವನ್ನು ಒಂದು ಗಂಟೆ ಕುದಿಸಿ, ಯಾವುದೋ ಕಹಿ ಹೂವು ಹಾಕಿದರು. ಮನೆಯೆಲ್ಲ ರಾಗಿ ಮಾಲ್ಟು ತಳ ಹಿಡಿದ ವಾಸನೆ. ನನಗೆ ಮತ್ತೆ ಗೊಂದಲ. ಮೊಳಕೆ ಕಟ್ಟುವುದು, ಒಣಗಿಸುವುದು, ಕುದಿಸುವುದು ಎಲ್ಲ ನಮ್ಮ ಮನೆಯ ಕೆಲಸವೇ. ಇದರಲ್ಲಿ ಪಾಪ ಯಾವ ಘಟ್ಟದಲ್ಲಿ ಸೇರುತ್ತದೆ? ಕಣ್ಣಿಟ್ಟು ಕಾದೆ. ಕಾಣಲಿಲ್ಲ.

ಕಷಾಯ ಪೂರ್ತಿ ಆರಿದ ಮೇಲೆಯೇ ಯೀಸ್ಟು ಹಾಕಬೇಕೆಂದು ಗ್ಯಾರಿ ಮೂರು ಸಲ ಹೇಳಿದ್ದ. ಆದರೆ ಅಷ್ಟರಲ್ಲಿ ಸ್ಯಾನ್ ರಮೋನ್ ಊರಿನಿಂದ ಪಾಟೀಲರ ಫೋನು ಬಂತು. ಪಾಟೀಲರು ಇವರ ಹಳೆಯ ಆಫೀಸಿನ ಸ್ನೇಹಿತರು, ಧಾರವಾಡದವರು. ಅವರ ಕೆಲಸ ದೇವರ ದಯೆಯಿಂದ ಉಳಿದಿತ್ತು. ಇವರು ಮಾತಿನ ಭರದಲ್ಲಿ, "ಹ್ಞೂಂ ಪಾಟೀಲ್, ಇನ್ನೊಂದು ತಿಂಗಳಿಗೆ ನಮ್ಮನೇಗೆ ಬನ್ನಿ, ನನ್ನ ಕೈಯಾರೆ ಮಾಡಿದ್ದು ಕುಡಿಸ್ತೀನಿ!" ಎನ್ನುತ್ತಾ ಪೊಟ್ಟಣ ಹರಿದು ಸುರಿದೇಬಿಟ್ಟರು. ನಾನು ಬಕೆಟ್ಟಿನ ಹೊರಮೈ ಮುಟ್ಟಿ ನೋಡಿದೆ. ದಿನಾ ಹಾಲಿಗೆ ಹೆಪ್ಪು ಹಾಕುವವಳಿಗೆ ಬೆರಳೇ ಥರ್ಮಾಮೀಟರು.

"ಇನ್ನೂ ಬಿಸಿ ಇದೆಯಲ್ರೀ. ಇಷ್ಟು ಬಿಸಿಗೆ ಹೆಪ್ಪೇ ಸತ್ತುಹೋಗುತ್ತೆ."

"ಮುಟ್ಟಿದ್ಯಾ? ಮುಟ್ಟಬೇಡ ಅಂದ್ನಲ್ಲ!"

ಸರಿ. ಸೆರಗಿಗೆ ಬೆರಳು ಒರೆಸಿಕೊಂಡು ಒಳಗೆ ಹೋದೆ.

ಮುಚ್ಚಳದ ಮೇಲೆ ನೀರು ತುಂಬಿದ ಒಂದು ಪುಟ್ಟ ನಳಿಗೆ ಇತ್ತು. ಒಳಗೆ ಹುದುಗು ಶುರುವಾದರೆ ಗಾಳಿ ಅದರ ಮೂಲಕ ಗುಳುಕ್ ಗುಳುಕ್ ಎಂದು ಗುಳ್ಳೆಯಾಗಿ ಹೊರಬರಬೇಕು. ಭಾನುವಾರ ಬೆಳಿಗ್ಗೆ ಇವರು ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರು. ಗುಳ್ಳೆಯಿಲ್ಲ. ಊಟವನ್ನೂ ಅಲ್ಲೇ ಮಾಡಿದರು. ಗುಳ್ಳೆಯಿಲ್ಲ. ಸೋಮವಾರವೂ ಅಷ್ಟೇ. ಗರಾಜಿನ ಚಳಿಯಲ್ಲಿ ಟೋಪಿ ಹಾಕಿಕೊಂಡು ಆ ನಳಿಗೆಯನ್ನು ದಿಟ್ಟಿಸುತ್ತಾ ಕುಳಿತವರು ಸಂಜೆ ಎದ್ದು ಬಂದು ಒಂದೇ ಮಾತು ಹೇಳಿದರು.

"ಇದೂ ಆಗ್ಲಿಲ್ಲ ರತ್ನಾ."

ಆ 'ಇದೂ' ಎನ್ನುವುದಿದೆಯಲ್ಲ, ಅದು ನನ್ನ ಎದೆಗೆ ನಾಟಿತು. ಬಿಯರು ಹಾಳಾಗಿ ಹೋಗಲಿ. ಆದರೆ ನಾಲ್ಕು ತಿಂಗಳಲ್ಲಿ ಆ ಮುಖದ ಮೇಲೆ ಬಂದಿದ್ದ ಒಂದಿಷ್ಟು ಕಳೆಯೂ ಅದರ ಜೊತೆ ಹೋಗುವುದನ್ನು ನಾನು ನೋಡಿಕೊಂಡಿರಲಾರೆ. ಹೋಗಿ ಗಣಪತಿಯ ಮುಂದೆ ಕುಳಿತೆ. ಕುಳಿತ ಮೇಲೆ ಗೊತ್ತಾಯಿತು, ಏನೆಂದು ಬೇಡಿಕೊಳ್ಳಬೇಕೋ ಗೊತ್ತಿಲ್ಲ! 'ವಿಘ್ನೇಶ್ವರಾ, ಬಿಯರಿನ ವಿಘ್ನ ಕಳೆಯಪ್ಪಾ' ಎನ್ನಲೇ? ನಾಲಿಗೆ ಏಳಲಿಲ್ಲ. 'ಬಕೆಟ್ಟಿನಲ್ಲಿರುವುದು ಉಕ್ಕಲಿ' ಎಂದರೆ ಯಾವ ಬಕೆಟ್ಟು ಎಂದು ಅವನು ಕೇಳಬಹುದು. ಸುತ್ತಿ ಬಳಸಿ, 'ಗರಾಜಿನಲ್ಲಿ ಏನು ಆಗಬೇಕೋ ಅದು ಆಗಲಿ, ಇಪ್ಪತ್ತೊಂದು ಕಡುಬು ಮಾಡುತ್ತೇನೆ' ಎಂದು ಹರಕೆ ಹೊತ್ತು ಎದ್ದೆ.

ಮಂಗಳವಾರ ಇವರಿಗೆ ಸಿಟಿಯಲ್ಲಿ ಒಂದು ಇಂಟರ್‌ವ್ಯೂ. ಬೆರ್ರಿಯೆಸಾ ರೈಲು ಸ್ಟೇಷನ್ನಿಗೆ ಬಿಟ್ಟು ಬಂದೆ. ಮನೆಯಲ್ಲಿ ನಾನು, ಗಣಪತಿ ಮತ್ತು ಬಕೆಟ್ಟು. ಇಡ್ಲಿ ಹಿಟ್ಟು ನೋಡೋಣವೆಂದು ಓವನ್ ತೆರೆದೆ. ಇಲ್ಲಿಯ ಚಳಿಗಾಲದಲ್ಲಿ ಹಿಟ್ಟು ಹುಳಿ ಬರಬೇಕಾದರೆ ಪಾತ್ರೆಯನ್ನು ಓವನ್ನಿನ ಒಳಗಿಟ್ಟು ಬರೀ ಲೈಟು ಹಾಕಿಡಬೇಕು. ಅಷ್ಟು ಬಿಸುಪು ಸಾಕು. ಹಿಟ್ಟು ಕಂಠದವರೆಗೆ ಉಬ್ಬಿ, ಮುಚ್ಚಳವನ್ನು ತಲೆಯ ಮೇಲೆ ಹೊತ್ತುಕೊಂಡು ನಗುತ್ತಿತ್ತು. ನೋಡುತ್ತಲೇ ಇದ್ದೆ. ಇಲ್ಲಿ ಇಷ್ಟು ಉಬ್ಬು, ಅಲ್ಲಿ ಒಂದು ಗುಳ್ಳೆಯಿಲ್ಲ. ಹೆಪ್ಪು ಸತ್ತ ಹಾಲಿಗೆ ಮತ್ತೆ ಹೆಪ್ಪು ಹಾಕುವುದಿಲ್ಲವೇ? ಇದು ನನ್ನ ಬುದ್ಧಿಯೋ ಗಣಪತಿಯ ಪ್ರೇರಣೆಯೋ ಈಗಲೂ ಹೇಳಲಾರೆ.

ಒಂದು ಸೌಟು. ಸಣ್ಣ ಸೌಟೇ.

ಬಕೆಟ್ಟಿನ ಮುಚ್ಚಳ ತೆಗೆದೆ, ಸುರಿದೆ, ತಿರುವಿದೆ, ಮುಚ್ಚಿದೆ. ಆಮೇಲೆ ನನ್ನ ಕಾಶ್ಮೀರಿ ಶಾಲನ್ನು ಅದಕ್ಕೆ ಹೊದಿಸಿದೆ. ಅವರು ಅಷ್ಟು ನಿಷ್ಠೆಯಿಂದ ಕಾಪಾಡಿದ್ದ ಮಡಿಯನ್ನು ಮೈಲಿಗೆ ಮಾಡಿದವಳು ನಾನು! ಜೀವನದಲ್ಲಿ ಮೊದಲ ಸಲ ನನ್ನಿಂದ ಒಂದು ಮಡಿ ಕೆಟ್ಟಿತು, ಅದೂ ಬಿಯರಿನದು.

ಮಧ್ಯಾಹ್ನ ಮೂರಕ್ಕೆ 'ಗುಳುಕ್' ಎಂದಿತು. ಬೆಚ್ಚಿಬಿದ್ದೆ. ಐದಕ್ಕೆ ಇವರು ಬರುವ ಹೊತ್ತಿಗೆ ಬಕೆಟ್ಟು ಹುಕ್ಕಾ ಸೇದುವ ಮುದುಕನ ಹಾಗೆ ಗುಳುಗುಳು ಅನ್ನುತ್ತಿತ್ತು. ಇಂಟರ್‌ವ್ಯೂಗೆ ಹಾಕಿಕೊಂಡಿದ್ದ ಕೋಟಿನಲ್ಲೇ ಇವರು ಗರಾಜಿನಲ್ಲಿ ಕುಣಿದರು.

"ನೋಡಿದ್ಯಾ? ಗ್ಯಾರಿ ಹೇಳಿದ್ದ, ಪೇಷೆನ್ಸ್ ಬೇಕು ಅಂತ! ಶಾಲು ಹೊದಿಸಿದ್ದು ನೀನಾ?"

"ಹ್ಞೂಂ. ಪಾಪ, ಚಳಿ ಅಂತ."

ಅಷ್ಟು ನಿಜ ಸಾಕು ಎಂದುಕೊಂಡೆ. ಇಂಟರ್‌ವ್ಯೂ ಹೇಗಾಯಿತೆಂದು ಕೇಳಿದ್ದಕ್ಕೆ, "ಅದಿರ್ಲಿ ಬಿಡು, ಗುಳ್ಳೆ ನೋಡು" ಎಂದರು.

ಎರಡು ವಾರದ ಮೇಲೆ ಅದನ್ನು ಬಾಟಲಿಗೆ ತುಂಬಿದರು. ಒಂದೊಂದು ಬಾಟಲಿಗೂ ಒಂದಿಷ್ಟು ಸಕ್ಕರೆ, ನೊರೆ ಬರಲೆಂದು. ಮತ್ತೆರಡು ವಾರ ಕಾಯಬೇಕು. ಅದು ಮುಗಿಯುವ ಭಾನುವಾರ ಮಧ್ಯಾಹ್ನಕ್ಕೆ ಗ್ಯಾರಿಗೂ ಪಾಟೀಲರಿಗೂ ಆಮಂತ್ರಣ ಹೋಯಿತು. ಹಿಂದಿನ ದಿನ ಶನಿವಾರ ಬೆಳಿಗ್ಗೆ ಇವರು ಆರು ಬಾಟಲಿಗಳನ್ನು ಫ್ರಿಜ್ಜಿನಲ್ಲಿಟ್ಟು ಕ್ಷೌರಕ್ಕೆ ಹೋದರು. ನಾನು ಫ್ರಿಜ್ಜಿನ ಬಾಗಿಲು ತೆರೆದು ನೋಡಿದೆ. ಹುಳಿ ಬರುವ ಪದಾರ್ಥವನ್ನು ಫ್ರಿಜ್ಜಿನಲ್ಲಿಟ್ಟರೆ ಅಲ್ಲಿಗೇ ನಿಂತುಹೋಗುತ್ತದೆ, ಇದು ನಮ್ಮ ಎಲ್ಲರ ಅಡುಗೆಮನೆಯ ಕಾನೂನು. ನಾಳೆ ನೊರೆ ಬಾರದಿದ್ದರೆ? ಪಾಟೀಲರ ಎದುರಿಗೆ ಮತ್ತೆ 'ಇದೂ' ಎಂದರೆ?

ಓವನ್ನಿನಲ್ಲಿದ್ದ ಆ ದಿನದ ಇಡ್ಲಿ ಹಿಟ್ಟನ್ನು ಹೊರಗೆ ತೆಗೆದು ಕಟ್ಟೆಯ ಮೇಲಿಟ್ಟು, ಆರೂ ಬಾಟಲಿಗಳನ್ನು ಒಳಗಿಟ್ಟು ಲೈಟು ಹಾಕಿದೆ. ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ವಾಪಸು ಫ್ರಿಜ್ಜಿಗೆ ಸೇರಿಸಿದೆ. ಯಾರಿಗೂ ತಿಳಿಯಲಿಲ್ಲ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ!

ಗ್ಯಾರಿ ಬಂದ. ಪಾಟೀಲರು ಬಂದರು. "ಏನ್ರೀ ವೈನಿ, ನೀವೂ ಒಂದ ಗ್ಲಾಸ್ ತಗೋತೀರೇನ?" ಎಂದು ರೇಗಿಸಿದರು. ಅವರ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ. ಇವರು ಇಸ್ತ್ರಿ ಅಂಗಿ ಹಾಕಿ, ಬಿಳಿಯ ಮೇಜುಬಟ್ಟೆಯ ಮೇಲೆ ಗ್ಲಾಸು ಜೋಡಿಸಿ, "ಜಂಟಲ್‌ಮೆನ್!" ಎಂದು ಮೊದಲ ಬಾಟಲಿಯ ಮುಚ್ಚಳ ಎತ್ತಿದರು.

ಢಬ್!

ಮುಚ್ಚಳ ಎಲ್ಲಿ ಹೋಯಿತೋ ಕಾಣಲಿಲ್ಲ. ಬಿಯರು ನೆಟ್ಟಗೆ ಸೀಲಿಂಗಿಗೆ ಹೋಗಿ, ಅಲ್ಲಿಂದ ಪಾಟೀಲರ ಬೋಳುತಲೆಗೆ ಇಳಿಯಿತು. ಇವರು ಗಾಬರಿಯಲ್ಲಿ ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿದರು. ಆಗ ಅದು ಅಡ್ಡಡ್ಡ ಹಾರಿ ಗ್ಯಾರಿಯ ಕನ್ನಡಕ ತೊಳೆಯಿತು.

"ವೈನೀ! ಬೋಗುಣಿ ತರ್ರೀ, ಬೋಗುಣಿ!"

ನಾನು ಬೋಗುಣಿ ತರುವ ಹೊತ್ತಿಗೆ ಗೃಹಪ್ರವೇಶದ ಹಾಲಿನ ಹಾಗೆ ಉಕ್ಕಿ ಮೇಜಿನ ನಾಲ್ಕೂ ದಿಕ್ಕಿಗೆ ಹರಿದಿತ್ತು. ಉಳಿದ ಬಾಟಲಿಗಳನ್ನು ಸಿಂಕಿನಲ್ಲಿ ತೆರೆದು, ಹೇಗೋ ಮೂರು ಗ್ಲಾಸು ತುಂಬಿಸಿದೆವು. ಪಾಟೀಲರು ಮೊದಲು ಒಂದು ಗುಟುಕು ಕುಡಿದರು. ಒಂದು ಕಣ್ಣು ತಾನಾಗಿಯೇ ಮುಚ್ಚಿತು.

"ಯಪ್ಪಾ ಶಿವನ! ರವಿ, ಇದ ಬಿಯರ್ ಅಲ್ರೀ. ನಮ್ಮವ್ವ ಬ್ಯಾಸಗ್ಯಾಗ ಮಾಡತಿದ್ದ ಹುಳಿ ಅಂಬಲಿ ಆಗೇತಿ!"

ಇವರು ಕುಡಿದರು. ಮುಖ ಇಳಿಯಿತು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ಗಣಪತಿಯನ್ನು ನೆನೆದೆ. ಈ ಸಲ ಸುತ್ತುಬಳಸು ಇಲ್ಲ, 'ಕಾಪಾಡಪ್ಪಾ' ಅಷ್ಟೇ. ಗ್ಯಾರಿ ಮಾತ್ರ ಕಣ್ಣು ಮುಚ್ಚಿ, ಬಾಯಿ ತುಂಬಾ ಮುಕ್ಕಳಿಸಿ, ಇನ್ನೊಂದು ಗುಟುಕು ಕುಡಿದ. ಮತ್ತೊಂದು. ಆಮೇಲೆ ಮೇಜು ಗುದ್ದಿದ.

"ರವಿ! ಇದು ಹುಳಿ ಬಿಯರ್! ಸಿಟಿಯಲ್ಲಿ ಇದಕ್ಕೆ ಜನ ಕ್ಯೂ ನಿಲ್ತಾರೆ. ನಾನು ಐದು ವರ್ಷ ಪ್ರಯತ್ನ ಪಟ್ಟೂ ಈ ಹುಳಿ ಬಂದಿಲ್ಲ. ಯಾವ ಯೀಸ್ಟು ಹಾಕಿದೆ?"

ಗ್ಯಾರಿಯ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಮೇಜು ಗುದ್ದಿದ್ದು ಅವನದೇ. ಇವರು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ನಿಧಾನವಾಗಿ ನೆಟ್ಟಗಾದರು. ಎದೆ ಉಬ್ಬಿತು.

"ನೀನು ಕೊಟ್ಟ ಯೀಸ್ಟೇ ಗ್ಯಾರಿ. ಎಲ್ಲಾ ಸ್ಯಾನಿಟೇಷನ್! ಅಷ್ಟು ಕ್ಲೀನಾಗಿ ಮಾಡಿದೆ."

"ಸಾಧ್ಯವೇ ಇಲ್ಲ. ಆ ಯೀಸ್ಟಿನಿಂದ ಇದು ಬರೋದಿಲ್ಲ. ಮನೇಲಿ ಬಿಯರ್ ಮಾಡೋರದ್ದೇ ಒಂದು ಕ್ಲಬ್ಬಿದೆ, ಅದರ ಸ್ಪರ್ಧೆಗೆ ಕಳಿಸೋಣ. ಏನೇನು ಹಾಕಿದೆ ಅಂತ ಎಲ್ಲಾ ಬರೆದುಕೊಡು, ಒಂದೂ ಬಿಡಬಾರದು. ಕೆಲವರಿಗೆ ಅಲರ್ಜಿ ಇರುತ್ತೆ."

ಇವರು ಪೆನ್ನು ತೆಗೆದೇಬಿಟ್ಟರು. ಬಾರ್ಲಿ. ನೀರು. ಹೂವು. ಯೀಸ್ಟು. ಸಕ್ಕರೆ. ಕೆಳಗೆ ಸಹಿ ಹಾಕಲು ಹೊರಟರು. ನಾನೀಗ ಏನು ಮಾಡಬೇಕು? ಸುಮ್ಮನಿದ್ದರೆ ಗಂಡನ ಮಾನ ಉಳಿಯುತ್ತದೆ, ಸುಳ್ಳಿಗೆ ಅವರ ಸಹಿ ಬೀಳುತ್ತದೆ. ಹೇಳಿದರೆ ದೇವರ ಮುಂದೆ ನಾನು ಉಳಿಯುತ್ತೇನೆ, ಅವರ ಮುಖ ಉಳಿಯುವುದಿಲ್ಲ. ಮೇಲೆ ಅಲರ್ಜಿಯ ಮಾತು ಬೇರೆ.

"ರೀ," ಎಂದೆ. "ಉದ್ದಿನಬೇಳೆ ಅಂತ ಬರೀರಿ."

"ಏನು?"

"ಅಕ್ಕಿ. ಒಂಚೂರು ಮೆಂತ್ಯ ಕೂಡ. ನೀವು ಇಂಟರ್‌ವ್ಯೂಗೆ ಹೋಗಿದ್ರಲ್ಲ, ಅವತ್ತು... ಒಂದು ಸೌಟು ಇಡ್ಲಿ ಹಿಟ್ಟು ಹಾಕಿದೆ. ಹಿಟ್ಟಿಗೆ ಉಪ್ಪು ಹಾಕಿರಲಿಲ್ಲ!"

ಉಪ್ಪು ಹಾಕಿರಲಿಲ್ಲ ಎಂದದ್ದು ಯಾವ ಸಮಾಧಾನಕ್ಕೋ!

ಪಾಟೀಲರು ನಕ್ಕ ನಗುವಿಗೆ ಕುರ್ಚಿ ಹಿಂದಕ್ಕೆ ವಾಲಿತು. ಮೇಘಾ ಮಹಡಿಯಿಂದ ಇಳಿದು ಬಂದು "ಓ ಮೈ ಗಾಡ್ ಅಮ್ಮಾ!" ಎಂದಳು. ಇವರು ಮಾತ್ರ ನಗಲಿಲ್ಲ. ಪೆನ್ನು ಕೆಳಗಿಟ್ಟರು.

"ಹಾಗಾದ್ರೆ ಇದ್ರಲ್ಲಿ ನಂದೇನೂ ಇಲ್ಲ."

"ಅಯ್ಯೋ, ಬಾರ್ಲಿ ನಿಮ್ದು, ಕುದಿಸಿದ್ದು ನೀವು..."

ಎದ್ದು ಅಡುಗೆಮನೆಗೆ ಹೋದರು. ಹಿಂದೆಯೇ ಓಡಿದೆ. ಅಷ್ಟರಲ್ಲಿ ಗ್ಯಾರಿಯೂ ಬಂದ. ಅವನಿಗೆ ಮನುಷ್ಯರ ಮುಖ ನೋಡುವ ವ್ಯವಧಾನವೇ ಇರಲಿಲ್ಲ. ಅವನಿಗೆ ಬೇಕಾದದ್ದು ಆ ಹಿಟ್ಟು.

"ಅದು ಏನು? ತೋರಿಸಿ! ಅದರಿಂದ ನೀವು ಏನು ಮಾಡ್ತೀರಿ? ನನಗೆ ತಿನ್ನಬೇಕು!"

ಇಷ್ಟು ವರ್ಷದಲ್ಲಿ ಈ ದೇಶದವರೊಬ್ಬರು ನನ್ನ ಹಿಟ್ಟನ್ನು ಹೀಗೆ ಕೇಳಿದ್ದು ಅದೇ ಮೊದಲು. ನನಗೂ ಒಂದಿಷ್ಟು ತಲೆ ತಿರುಗಿತು ಎಂದು ಒಪ್ಪಿಕೊಳ್ಳುತ್ತೇನೆ. "ಹತ್ತೇ ನಿಮಿಷ, ಕೂತ್ಕೊಳ್ಳಿ" ಎಂದು ಸೆರಗು ಸಿಕ್ಕಿಸಿಕೊಂಡೆ. ಹುದುಗಿನ ವಿದ್ಯೆಯಲ್ಲಿ ಪಾರಂಗತಳಾದ ನಾನು ಕಟ್ಟೆಯ ಮೇಲಿದ್ದ ಹಿಟ್ಟನ್ನು ಒಮ್ಮೆ ನೋಡಲೂ ಇಲ್ಲ. ತಟ್ಟೆಗೆ ಹುಯ್ದೆ, ಹಬೆಗೆ ಇಟ್ಟೆ, ಬಡಿಸಿದೆ.

ಗ್ಯಾರಿ ಒಂದು ತುಂಡು ಕಚ್ಚಿದ. ಅಗಿದ. ಇನ್ನೂ ಅಗಿದ.

"ತುಂಬಾ... ಗಟ್ಟಿಮುಟ್ಟಾಗಿದೆ," ಎಂದ ಆ ಸಜ್ಜನ.

ಪಾಟೀಲರು ಒಂದನ್ನು ಎತ್ತಿ ಮೇಜಿನ ಮೇಲೆ ಬಿಟ್ಟರು. 'ಟಕ್' ಎಂದಿತು. "ವೈನಿ, ಇವನ್ನ ಬಾಟ್ಲಿಗೆ ಮುಚ್ಚಳಾ ಮಾಡಿದ್ರ ಯಾವ ಬಿಯರೂ ಹಾರೂದಿಲ್ಲ ನೋಡ್ರಿ!"

"ಹಿಟ್ಟು ಉಬ್ಬೇ ಇಲ್ವಲ್ಲೇ," ಎಂದರು ನಮ್ಮವರು, ಇಡ್ಲಿಯನ್ನು ತಿರುಗಿಸಿ ನೋಡುತ್ತಾ. "ಓವನ್ನಲ್ಲಿ ಇಡ್ಲಿಲ್ವಾ?"

"ಇಟ್ಟಿದ್ದೆ."

"ಮತ್ತೆ?"

"ಓವನ್ನಲ್ಲಿ... ನಿಮ್ಮ ಬಾಟ್ಲಿ ಇಟ್ಟಿದ್ದೆ. ಬೆಚ್ಚಗಿರ್ಲಿ ಅಂತ."

ಇವರು ನನ್ನ ಮುಖ ನೋಡಿದರು. ಆಮೇಲೆ ಸೀಲಿಂಗು ನೋಡಿದರು. ಆಮೇಲೆ ಇನ್ನೂ ಜಿಗುಟಾಗಿದ್ದ ಪಾಟೀಲರ ತಲೆ ನೋಡಿದರು. ಹೊಟ್ಟೆಯ ಒಳಗೆಲ್ಲೋ ಹುಟ್ಟಿದ ನಗು ಭುಜ ಕುಲುಕಿಸಿಕೊಂಡು ಹೊರಗೆ ಬಂತು. ಮೇಜು ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡು ನಕ್ಕರು. ಇಮೇಲು ಬಂದ ದಿನದಿಂದ ನಾನು ಆ ನಗುವನ್ನು ಕೇಳಿರಲಿಲ್ಲ.

"ಯಾವ ಸೌಟು?" ಎಂದರು ಕೊನೆಗೆ, ಪೆನ್ನು ಮತ್ತೆ ಎತ್ತಿಕೊಂಡು. "ಸಾರಿನ ಸೌಟಾ, ತುಪ್ಪದ ಸೌಟಾ? ಎಷ್ಟು ಗಂಟೆ ಹುಳಿ ಬಂದಿದ್ದ ಹಿಟ್ಟು? ಸರಿಯಾಗಿ ಹೇಳು. ಗ್ಯಾರಿ, ನೀನೂ ಬರ್ಕೋ."

ಇಬ್ಬರೂ ನನ್ನನ್ನು ಮಧ್ಯೆ ಕೂರಿಸಿಕೊಂಡು ಅರ್ಧ ಗಂಟೆ ಪ್ರಶ್ನೆ ಕೇಳಿದರು. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ. ಎಲ್ಲವೂ 'ಒಂದು ಅಂದಾಜು' ಮತ್ತು 'ಕಣ್ಣಳತೆ'. ಇವರು ಎರಡು ಹಾಳೆ ತುಂಬ ಬರೆದುಕೊಂಡರು. ಪ್ರತಿ ಬುಧವಾರ ಇವರೂ ಗ್ಯಾರಿಯ ಕ್ಲಬ್ಬಿಗೆ ಹೋಗುವುದೆಂದು ನಿಶ್ಚಯವಾಯಿತು.

ಇವರಿಗೆ ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಪ್ರತಿ ಬುಧವಾರ ಹೋಗಲು ಒಂದು ಜಾಗವಿದೆ. ಇದೂ ಒಂದು ಕೃಪೆಯೇ. ಬಿಯರು ಉಕ್ಕಿದ್ದು ಗಣಪತಿಯಿಂದಲೋ, ಹಿಟ್ಟಿನಿಂದಲೋ, ಅರ್ಧ ಸತ್ತ ಯೀಸ್ಟಿನಿಂದಲೋ ಈಗಲೂ ನನಗೆ ಬಗೆಹರಿದಿಲ್ಲ. ಇಪ್ಪತ್ತೊಂದು ಕಡುಬನ್ನು ಯಾವುದಕ್ಕೂ ಇರಲೆಂದು ಮಾಡಿ ಮುಗಿಸಿದ್ದೇನೆ.

ಅಂದು ಎಲ್ಲರೂ ಹೋದ ಮೇಲೆ ಸ್ಟೂಲು ಎಳೆದುಕೊಂಡು, ಒದ್ದೆ ಬಟ್ಟೆ ಹಿಡಿದು, ಸೀಲಿಂಗು ಒರೆಸಲು ಹತ್ತಿದೆ. ಬಿಯರು ಒಣಗಿದರೆ ಬೆಲ್ಲದ ಪಾಕಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ. ಕೈ ಎಟುಕಲಿಲ್ಲ. ಇಳಿದು, ಮೇಜುಬಟ್ಟೆಯನ್ನು ಸೋಪಿನ ನೀರಿನಲ್ಲಿ ನೆನೆಹಾಕಿದೆ.